ಕೊಡಗಿಗೆ ಹೊಸದಾಗಿ ಬಂದವರಿಗೆ: ಸೌದೆ ಮೊದಲು, ಬೆಂಕಿ ಆಮೇಲೆ

ಬಯಲುಸೀಮೆ ಬಿಟ್ಟು ಕೊಡಗಿಗೆ ಬರ್ತಿದ್ದೀರಾ? ಆಧಾರ್ ವಿಳಾಸ, ಗ್ಯಾಸ್, ಮಕ್ಕಳ ಟಿ.ಸಿ. ಇವನ್ನೆಲ್ಲ ಮಳೆಗೆ ಮುಂಚೆ ಮುಗಿಸಿಬಿಡಿ. ನಾನು ಹೇಳಬೇಕಾಗಿರುವುದು ಬೆಂಕಿಯ ವಿಷಯ.

ನಾವು ಕೊಪ್ಪಳದ ಕಡೆಯವರು. ಮಡಿಕೇರಿಯಲ್ಲಿ ಹಿಡಿದ ಹಳೇ ಮನೆಯಲ್ಲಿ ಅಗ್ಗಿಷ್ಟಿಕೆ ಇತ್ತು, ಆದರೆ ಶಾಖವೆಲ್ಲ ಚಿಮಣಿಯಲ್ಲೇ ಹೋಗುತ್ತಿತ್ತು. ಅದಕ್ಕೇ ಅದರೊಳಗೆ ಗಾಜಿನ ಬಾಗಿಲಿನ ಕಬ್ಬಿಣದ ಪೆಟ್ಟಿಗೆ ಕೂರಿಸಿದೆವು. ಇನ್‌ಸರ್ಟ್ ಅಂತಾರಲ್ಲ, ಅದು.

ನನ್ನನ್ನು ಕೆಡಿಸಿದ್ದು ಊರಿನ ಹಂಡೆ ಒಲೆಯ ಅಭ್ಯಾಸ. ಅಲ್ಲಿ ದಪ್ಪ ಕೊರಡು ತುರುಕಿಬಿಟ್ಟರೆ ಬೆಳಗಿನವರೆಗೂ ಹೊಗೆಯಾಡುತ್ತಾ ನೀರು ಬಿಸಿ ಇರುತ್ತೆ, ಅಲ್ವಾ? ಇಲ್ಲೂ ಹಾಗೇ ಮಾಡಿದೆ. ಮೂರೇ ತಿಂಗಳ ಹಿಂದೆ ಕಡಿದ ಸಿಲ್ವರ್ ಓಕ್ ತುಂಬಿ, ಗಾಳಿ ಬಿಡುವ ಹಿಡಿಯನ್ನು ಪೂರ್ತಿ ಮುಚ್ಚಿ ಮಲಗುತ್ತಿದ್ದೆ. ಬೆಳಿಗ್ಗೆ ಗಾಜು ಡಾಂಬರು ಬಳಿದ ಹಾಗೆ ಕಪ್ಪಾಗಿರುತ್ತಿತ್ತು. ಸುಮ್ನೆ ಒರೆಸಿಬಿಡುತ್ತಿದ್ದೆ. ಒಂದು ರಾತ್ರಿ ಹೊಗೆ ಹೋಗುವ ಕೊಳವೆಯೊಳಗೆ ಲಾರಿ ಹೋದಂಥ ಸದ್ದು. ಒಳಗೆ ಅಂಟಿದ್ದ ಮಸಿಗೆ ಬೆಂಕಿ ಹತ್ತಿತ್ತು. ಮಕ್ಕಳನ್ನು ಎತ್ತಿಕೊಂಡು ಮಳೆಯಲ್ಲೇ ಅಂಗಳಕ್ಕೆ ಓಡಿದೆವು. ಮನೆ ಉಳಿಯಿತು. ನಿಮಗೆ ಅಂಥ ಸದ್ದು ಕೇಳಿದರೆ ಗಾಳಿಯ ಹಿಡಿ ಮುಚ್ಚಿ, ಎಲ್ಲರೂ ಹೊರಗೆ ಬನ್ನಿ, 112ಕ್ಕೆ ಫೋನ್ ಮಾಡಿ.

ಹಸಿ ಸೌದೆಗೆ ಗಾಳಿಯೂ ಸಾಲದಿದ್ದರೆ ಹೊಗೆ ಕೊಳವೆಯಲ್ಲಿ ತಣ್ಣಗಾಗಿ ಟಾರಿನ ಹಾಗೆ ಅಂಟುತ್ತೆ. ಅದೇ ಕ್ರಿಯೋಸೋಟ್. ಸೌದೆಯ ತೇವ ಶೇ. 20ಕ್ಕಿಂತ ಕಡಿಮೆ ಇರಬೇಕು. ಅಳೆಯೋಕೆ ಚಿಕ್ಕ ಮೀಟರ್ ಸಿಗುತ್ತೆ, ಆಗಷ್ಟೇ ಸೀಳಿದ ಒಳಮೈಗೆ ಚುಚ್ಚಿ ನೋಡಿ. ಪಕ್ಕದ ಮನೆ ಅಜ್ಜಿಗೆ ಅದೂ ಬೇಡ. ಎರಡು ತುಂಡು ಬಡಿದು ಕಿವಿಗೊಡುತ್ತಾರೆ. ಒಣಗಿದ್ದು ಟಣ್ ಅನ್ನುತ್ತೆ, ಹಸಿಯದು ದಬ್. ಕಾಫಿ ಕುಯ್ಲು ಮುಗಿದು ಗಿಡ ಸವರುವಾಗ ಸಿಗುವ ಕಾಫಿ ಸೌದೆ ಗಟ್ಟಿ, ಜಾಸ್ತಿ ಹೊತ್ತು ಉರಿಯುತ್ತೆ. ಅದನ್ನು ಮುಂದಿನ ವರ್ಷದ ಮಳೆಗೆ ಅಂತಲೇ ಸೀಳಿ ಇಡಿ. ನೆಲಕ್ಕೆ ತಾಗದ ಹಾಗೆ, ಮೇಲೆ ಸೂರು, ಪಕ್ಕದಲ್ಲಿ ಗಾಳಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡದಲ್ಲಿ ಇಲ್ಲಿ ಬಟ್ಟೆಯೇ ಒಣಗಲ್ಲ, ಸೌದೆ ಎಲ್ಲಿ ಒಣಗಬೇಕು?

ಹಚ್ಚುವಾಗ ದಪ್ಪ ತುಂಡು ಕೆಳಗೆ, ಪುಳ್ಳೆ ಮೇಲೆ. ಬೆಂಕಿ ಮೇಲಿನಿಂದ ಕೊಡಿ. ಗಾಳಿ ಪೂರ್ತಿ ಬಿಟ್ಟಿರಿ. ಚೆನ್ನಾಗಿ ಹತ್ತಿಕೊಂಡ ಮೇಲೆ ಸ್ವಲ್ಪ ಸ್ವಲ್ಪವೇ ತಗ್ಗಿಸಿ, ಉರಿ ಮಾತ್ರ ಕಾಣುತ್ತಿರಬೇಕು. ಬೂದಿಗೆ ಮುಚ್ಚಳವಿರುವ ಕಬ್ಬಿಣದ ಬಕೆಟ್ಟೇ ಬೇಕು, ಬೂದಿಯೊಳಗೆ ಕೆಂಡ ದಿನಗಟ್ಟಲೆ ಆರದೆ ಇರುತ್ತೆ. ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಕೊಳವೆ ಗುಡಿಸಿಸಿ. ವಾಸನೆಯಿಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಸೇರಿದರೆ ಕೂಗುವ ಅಲಾರಂ ಒಂದು ಹಾಕಿಸಿ.

ಇನ್‌ಸರ್ಟಿನ ಗಾಜಿನ ಬಾಗಿಲು ಮುಚ್ಚಿದರೆ ಮನೆಯೊಳಗೆ ಹೊಗೆ ಸುಳಿಯಲ್ಲ. ಮಕ್ಕಳ ಎದೆಗೆ ಒಳ್ಳೆಯದೇ. ಆದರೆ ಅವ್ವನ ಸೀರೆ ಸೆರಗಿನಲ್ಲಿದ್ದ ಆ ವಾಸನೆ ಅವರಿಗೆ ಯಾವತ್ತೂ ಗೊತ್ತಾಗಲ್ಲ. ಮಗಳು ಪಕ್ಕದ ಮನೆ ಅಜ್ಜಿಯ ಜೊತೆ ಇಲ್ಲಿನ ಭಾಷೆ ಕೊಡವ ತಕ್ಕ್ ಮಾತಾಡುತ್ತಾಳೆ, ನನಗೆ ಅರ್ಧ ಅರ್ಥವಾಗುತ್ತೆ. ಕೊಪ್ಪಳಕ್ಕೆ ಹೋದರೆ ಎರಡನೇ ದಿನಕ್ಕೇ "ಸೆಕೆ, ಮನೆಗೆ ಹೋಗೋಣ" ಅಂತಾಳೆ. ಅವ್ವ ಕೇಳಿಸಿಕೊಂಡೂ ಸುಮ್ಮನಿರುತ್ತಾಳೆ.

ಮೊನ್ನೆ ಸಂಜೆ ಸೌದೆ ತರಲು ಮಗಳೇ ಹೋದಳು. ಎರಡು ತುಂಡು ಬಡಿದು, ಒಂದನ್ನು ತಿರುಗಿ ಅಟ್ಟಿಯ ಮೇಲೆ ಇಟ್ಟಳು. "ಇದು ಮುಂದಿನ ವರ್ಷಕ್ಕೆ ಅಪ್ಪಾ."