ಮುಚ್ಚಿದ ಫೌಂಡ್ರಿಗೆ ಅಣುಸ್ಥಾವರದ ಲೆಕ್ಕ: ನನ್ನ ಅನುಭವ

ನಾವು ಆರು ಜನ ಸೇರಿ ಶಿವಮೊಗ್ಗ–ಭದ್ರಾವತಿ ರಸ್ತೆಯ ಬದಿಯಲ್ಲಿ ಹನ್ನೊಂದು ವರ್ಷ ಬೀಗ ಬಿದ್ದಿದ್ದ ಒಂದು ಫೌಂಡ್ರಿಯನ್ನು, ಅಂದರೆ ಲೋಹದ ಎರಕ ಹೊಯ್ಯುವ ಕಾರ್ಖಾನೆಯನ್ನು, ಅದರ ನಾಲ್ಕೂವರೆ ಎಕರೆ ನೆಲದ ಸಮೇತ ಕೊಂಡುಕೊಂಡಾಗ, ನೆಂಟರೂ ಬ್ಯಾಂಕಿನವರೂ ಕೇಳಿದ್ದು ಒಂದೇ ಮಾತು: ಮಷಿನ್ ಯಾವಾಗ ಕೂರಿಸುತ್ತೀರಿ? ಹದಿನಾಲ್ಕು ತಿಂಗಳು ನಾವು ಅಲ್ಲಿ ಒಂದು ಮಷಿನ್ನನ್ನೂ ಕೂರಿಸಲಿಲ್ಲ. ನೆಲವನ್ನು ಅಳೆದೆವು, ಅಗೆದೆವು, ಮಣ್ಣನ್ನು ಪೊಟ್ಟಣ ಕಟ್ಟಿ ಪರೀಕ್ಷೆಗೆ ಕಳಿಸಿದೆವು, ಬಂದ ಉತ್ತರವನ್ನು ಒಂದು ದಪ್ಪ ರಿಜಿಸ್ಟರಿನಲ್ಲಿ ಬರೆದಿಟ್ಟೆವು. ಪಾಲುದಾರರು ಇಷ್ಟು ದಿನ ತಾಳಿದ್ದು ನನ್ನ ಮೇಲಿನ ನಂಬಿಕೆಯಿಂದ. ನಾನು ಪಟ್ಟು ಹಿಡಿದದ್ದಕ್ಕೆ ಕಾರಣ, ಅದಕ್ಕೆ ಮೊದಲು ಐದು ವರ್ಷ ನಾನು ಅಮೆರಿಕದ ಓಕ್ ರಿಡ್ಜ್‌ನಲ್ಲಿ ಕಂಡದ್ದು.

ಟೆನೆಸ್ಸಿ ರಾಜ್ಯದ ಆ ಊರಿನಲ್ಲಿ ನಾನು ಒಂದು ಉಪಗುತ್ತಿಗೆ ತಂಡದ ಪರವಾಗಿ ಮಣ್ಣಿನ ಮಾದರಿ ತೆಗೆಯುತ್ತಿದ್ದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಣುಬಾಂಬ್ ತಯಾರಿಯ ಮ್ಯಾನ್‌ಹಟನ್ ಯೋಜನೆಗಾಗಿ ಅಲ್ಲಿ ಕಟ್ಟಿದ ಕೆ-25 ಎಂಬ ಕಟ್ಟಡ ಇಂಗ್ಲಿಷಿನ ಯು ಅಕ್ಷರದ ಆಕಾರದಲ್ಲಿ ಸುಮಾರು ಒಂದು ಮೈಲಿ ಉದ್ದಕ್ಕೆ ಬಾಗಿಕೊಂಡಿತ್ತು. ಯುರೇನಿಯಂ ಅನಿಲವನ್ನು ಸೂಕ್ಷ್ಮ ರಂಧ್ರಗಳ ತಡೆಗಳ ಮೂಲಕ ಸಾವಿರಾರು ಬಾರಿ ಹಾಯಿಸಿ ಪುಷ್ಟೀಕರಿಸುವ ಕೆಲಸ ಅದರದ್ದು. ಆ ಆವರಣದಲ್ಲಿ ಪುಷ್ಟೀಕರಣ 1985ರಲ್ಲಿ ನಿಂತಿತು, 1987ರಲ್ಲಿ ಶಾಶ್ವತವಾಗಿ ಮುಚ್ಚಿತು. ಕೆ-25 ಕಟ್ಟಡವನ್ನು ಕೆಡವಿ ಮುಗಿಸಿದ್ದು 2013ರ ಡಿಸೆಂಬರಿನಲ್ಲಿ; ಐನೂರಕ್ಕೂ ಹೆಚ್ಚು ಕಟ್ಟಡಗಳನ್ನು ತೆಗೆದು ಆವರಣದ ಮುಖ್ಯ ಶುದ್ಧೀಕರಣ ಪೂರ್ಣವಾದದ್ದು 2020ರಲ್ಲಿ. ಕಟ್ಟಲು ಎರಡು ವರ್ಷ ಹಿಡಿದದ್ದನ್ನು ಬಿಚ್ಚಿ ತೊಳೆಯಲು ಒಂದು ತಲೆಮಾರೇ ಹಿಡಿಯಿತು. ಆದರೆ ತೊಳೆದ ನೆಲ ಹಾಳುಬೀಳಲಿಲ್ಲ. ಅದನ್ನು ತುಂಡುತುಂಡಾಗಿ ಸ್ಥಳೀಯ ಸಂಸ್ಥೆಯೊಂದರ ಮೂಲಕ ಕೈಗಾರಿಕೆಗಳಿಗೆ ವರ್ಗಾಯಿಸಲಾಯಿತು. ಕೆ-33 ಎಂಬ ಹಳೆಯ ಕಟ್ಟಡ ನಿಂತಿದ್ದ ಜಾಗದಲ್ಲಿಯೇ ಕೈರೋಸ್ ಪವರ್ ಕಂಪನಿಯ ಹರ್ಮಿಸ್ ಪ್ರಾಯೋಗಿಕ ರಿಯಾಕ್ಟರಿಗೆ 2023ರ ಡಿಸೆಂಬರಿನಲ್ಲಿ ನಿರ್ಮಾಣ ಪರವಾನಗಿ ಸಿಕ್ಕಿತು.

ಅಲ್ಲಿ ನಾನು ಕಲಿತ ಮುಖ್ಯ ಪಾಠ ಮಾರ್ಸಿಮ್ ಎಂದು ಕರೆಯುವ ಸರ್ವೆ ಕೈಪಿಡಿಯದು. 1997ರಲ್ಲಿ ಅಮೆರಿಕದ ನಾಲ್ಕು ಸರ್ಕಾರಿ ಇಲಾಖೆಗಳು ಕೂಡಿ ಹೊರತಂದ ಆ ಕೈಪಿಡಿ ಹೊರಡುವುದೇ ನೆಲ ಕೆಟ್ಟಿದೆ ಎಂಬ ಊಹೆಯಿಂದ. ಕೆಟ್ಟಿಲ್ಲವೆಂದು ಅಳತೆಯಿಂದ ತೋರಿಸಿದ ಮೇಲಷ್ಟೇ ಆ ತುಂಡಿಗೆ ಬಿಡುಗಡೆ, ಅಂದರೆ ಮರುಬಳಕೆಗೆ ಒಪ್ಪಿಗೆ. ಹೆಚ್ಚು ಅನುಮಾನವಿರುವ ಹೊರನೆಲವನ್ನು ಒಂದೊಂದು ತುಂಡೂ 2000 ಚದರ ಮೀಟರ್ ಮೀರದಂತೆ ಹಂಚಿ, ಇಡೀ ಮೇಲ್ಮೈಯನ್ನು ಬಿಡದೆ ಶೋಧಿಸಬೇಕು. ಅನುಮಾನ ಕಡಿಮೆಯಾದಂತೆ ತುಂಡು ದೊಡ್ಡದಾಗಬಹುದು, ಶೋಧನೆ ವಿರಳವಾಗಬಹುದು. ಇದು ವಿಕಿರಣಕ್ಕೆಂದು ಬರೆದ ಕ್ರಮ. ಫೌಂಡ್ರಿಯ ಮರಳಿಗೂ ಎಣ್ಣೆಗೂ ಇದನ್ನು ಅನ್ವಯಿಸಬಾರದೆಂದು ಯಾರೂ ಹೇಳಿಲ್ಲವಾದ್ದರಿಂದ, ನಾನು ನಮ್ಮ ನಾಲ್ಕೂವರೆ ಎಕರೆಯನ್ನು ಸುಣ್ಣದ ಗೆರೆ ಎಳೆದು ಹನ್ನೆರಡು ತುಂಡು ಮಾಡಿ, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟೆ.

ಮೊದಲ ಪೆಟ್ಟು ಬಿದ್ದದ್ದು ಪ್ರಯೋಗಾಲಯವೊಂದರಿಂದ. ಮಾದರಿ ತೆಗೆಯಲು ಅವರದೇ ಹುಡುಗರು ಬಂದಿದ್ದರು, ವರದಿಯಲ್ಲಿ ಹನ್ನೆರಡೂ ತುಂಡುಗಳ ಅಂಕಿಗಳು ಬಹುತೇಕ ಒಂದೇ ತೆರನಾಗಿದ್ದವು. ಫೌಂಡ್ರಿಯ ನೆಲ ಹಾಗಿರುವುದು ಸಾಧ್ಯವೇ ಇಲ್ಲ. ಕಾವಲುಗಾರನನ್ನು ಕೇಳಿದಾಗ, ಮಳೆ ಬರುವಂತಿದ್ದುದರಿಂದ ಅವರು ಗೇಟಿನ ಬಳಿಯ ಒಂದೇ ಗುಂಡಿಯಿಂದ ಹನ್ನೆರಡು ಪೊಟ್ಟಣ ತುಂಬಿಕೊಂಡು ಹೋದರೆಂದು ತಿಳಿಯಿತು. ಆ ಹಣ ಹೋಯಿತು. ಆಮೇಲೆ ಪ್ರತಿಯೊಂದು ಮಾದರಿಯನ್ನೂ ನಾನೇ ತೆಗೆದೆ. ಗುಂಡಿಯಲ್ಲಿ ಅಳತೆಪಟ್ಟಿ ನಿಲ್ಲಿಸಿ ಫೋಟೋ ಹಿಡಿದು, ಪೊಟ್ಟಣದ ಮೇಲೆ ಸಂಖ್ಯೆ, ಆಳ, ದಿನಾಂಕ, ಇಬ್ಬರ ಸಹಿ ಹಾಕಿಸಿ ಬೇರೊಂದು ಕಡೆಗೆ ಕಳಿಸಿದೆ.

ಎರಡನೇ ವರದಿ ಇನ್ನೊಂದು ಬಗೆಯ ದಿಗಿಲು ತಂದಿತು. ಎಲ್ಲ ತುಂಡುಗಳಲ್ಲೂ ಕ್ರೋಮಿಯಂ ನಾನು ಎಣಿಸಿದ್ದಕ್ಕಿಂತ ಹೆಚ್ಚಿತ್ತು. ಎರಕದ ಅಚ್ಚುಗಳಿಗೆ ಕ್ರೋಮೈಟ್ ಮರಳನ್ನು ಬಳಸುವುದುಂಟು, ಆದ್ದರಿಂದ ಇಡೀ ನೆಲವೇ ಹೋಯಿತೆಂದು ಪಾಲುದಾರರೊಬ್ಬರು ಕೈಚೆಲ್ಲಿದರು. ಓಕ್ ರಿಡ್ಜ್‌ನಲ್ಲಾದರೆ ಇಂಥ ಹೊತ್ತಿನಲ್ಲಿ ಮೊದಲು ಕೇಳುವ ಪ್ರಶ್ನೆ, ಕಾರ್ಖಾನೆ ಬರುವ ಮೊದಲು ಈ ಮಣ್ಣು ಹೇಗಿತ್ತು ಎಂಬುದು. ಅದನ್ನು ತಿಳಿಯಲು ಅದೇ ಜಾತಿಯ, ಆದರೆ ಯಾರೂ ಮುಟ್ಟದ ನೆಲವೊಂದನ್ನು ಹೋಲಿಕೆಗೆ ಹಿಡಿಯುತ್ತಾರೆ. ನಾವು ಎರಡು ಕಿಲೋಮೀಟರ್ ಆಚೆಯ ಗೋಮಾಳದಿಂದ ಎಂಟು ಮಾದರಿ ತೆಗೆದೆವು. ದನ ಮೇಯುವ ಆ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲೂ ಕ್ರೋಮಿಯಂ ಹೆಚ್ಚುಕಡಿಮೆ ಅಷ್ಟೇ ಇತ್ತು. ನಮ್ಮ ಸೀಮೆಯ ಕಲ್ಲೇ ಕಬ್ಬಿಣ, ಮ್ಯಾಂಗನೀಸುಗಳಂಥ ಲೋಹಗಳನ್ನು ಹೊತ್ತದ್ದು. ಕುಂಸಿಯ ಮ್ಯಾಂಗನೀಸ್ ಗಣಿಗಳನ್ನು ಕಂಡವರಿಗೆ ಇದು ಹೊಸದಲ್ಲ. ಹೋಲಿಕೆಯ ನೆಲದ ಲೆಕ್ಕ ಕಳೆದ ಮೇಲೆ ನಿಜವಾಗಿ ಕೆಟ್ಟ ತುಂಡುಗಳು ಮೂರೇ ಉಳಿದವು: ಹಳೆಯ ಟ್ರಾನ್ಸ್‌ಫಾರ್ಮರ್ ಕಟ್ಟೆ, ಫರ್ನೇಸ್ ಎಣ್ಣೆಯ ತೊಟ್ಟಿ ಇದ್ದ ಜಾಗ, ಮತ್ತು ಹಿಂಬದಿಯಲ್ಲಿ ಆಳೆತ್ತರ ಬಿದ್ದಿದ್ದ ಬಳಸಿದ ಮರಳಿನ ರಾಶಿ.

ಫೌಂಡ್ರಿಯ ಮೂಲೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆಯಿತ್ತು. ಗೋಡೆ ಮೊಳಕ್ಕಿಂತ ದಪ್ಪ, ಒಳಹೋಗುವ ದಾರಿ ಅಂಕುಡೊಂಕು. ಅದನ್ನು ಉಗ್ರಾಣವೆಂದು ಎಲ್ಲರೂ ತಿಳಿದಿದ್ದರು; ನನಗೆ ನೋಡಿದ ಕೂಡಲೇ ಎದೆ ಧಸಕ್ಕೆಂದಿತು. ಅದು ಎರಕದ ಒಳಬಿರುಕುಗಳನ್ನು ಗಾಮಾ ಕಿರಣದಿಂದ ಪರೀಕ್ಷಿಸುವ ರೇಡಿಯೋಗ್ರಫಿ ಕೋಣೆ. ಎಲ್ಲರನ್ನೂ ಹೊರಗೆ ನಿಲ್ಲಿಸಿ, ವಿಕಿರಣ ಅಳೆಯುವ ಸರ್ವೆ ಮೀಟರ್ ಹಿಡಿದು, ಗೇಟಿನ ಬಳಿಯ ಅಂಕಿಯನ್ನು ಮೊದಲು ಬರೆದುಕೊಂಡು ಒಂದೊಂದೇ ಹೆಜ್ಜೆ ಒಳಗೆ ಹೋದೆ. ತಿರಸ್ಕೃತ ಎರಕಗಳ ಕೆಳಗೆ ತುಕ್ಕು ಹಿಡಿದ ಟ್ರಂಕೊಂದರಲ್ಲಿ, ಹಳದಿ ಬಣ್ಣ ಮಾಸಿದ ಒಂದು ಗಾಮಾ ಕ್ಯಾಮೆರಾ, ಅಂದರೆ ಕಿರಣದ ಮೂಲವನ್ನು ಇಡುವ ಡಬ್ಬಿ, ಇತ್ತು. ಮೂರು ದಳದ ಚಿಹ್ನೆ ಇನ್ನೂ ಕಾಣುತ್ತಿತ್ತು, ಫಲಕದಲ್ಲಿ ಇರಿಡಿಯಂ-192 ಎಂದು ಕೆತ್ತಿತ್ತು. ಇರಿಡಿಯಂ-192ರ ಅರ್ಧಾಯುಷ್ಯ, ಅಂದರೆ ಅದರ ವಿಕಿರಣ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, ಸುಮಾರು 74 ದಿನ. ಹನ್ನೊಂದು ವರ್ಷದಲ್ಲಿ ಅದು ಐವತ್ತಕ್ಕೂ ಹೆಚ್ಚು ಬಾರಿ ಅರ್ಧವಾಗಿ, ಹೇಳಿಕೊಳ್ಳುವಷ್ಟು ಉಳಿದಿರಲಿಲ್ಲ. ಆದರೆ ಮೀಟರಿನ ಮುಳ್ಳು ಡಬ್ಬಿಯ ಮೈಗೆ ಹತ್ತಿರವಾದಾಗ ಅಲುಗಿತು. ಇಂಥ ಕ್ಯಾಮೆರಾಗಳ ಒಳಕವಚವನ್ನು ಪುಷ್ಟೀಕರಣದ ನಂತರ ಉಳಿಯುವ, ಸೀಸಕ್ಕಿಂತ ಸಾಂದ್ರವಾದ ಕ್ಷೀಣ ಯುರೇನಿಯಂನಿಂದ ಮಾಡುವುದುಂಟು, ಅದರ ಅರ್ಧಾಯುಷ್ಯ ಸುಮಾರು 450 ಕೋಟಿ ವರ್ಷ. ಕಿರಣದ ಮೂಲ ಸತ್ತಿತ್ತು, ಅದನ್ನು ಕಾಯುತ್ತಿದ್ದ ಕವಚ ಉಳಿದಿತ್ತು.

ಅದನ್ನು ಅಲುಗಿಸದೆ ಕೋಣೆಗೆ ಬೀಗ ಹಾಕಿ, ಅಣುಶಕ್ತಿ ನಿಯಂತ್ರಣ ಮಂಡಳಿಗೆ ಬರೆದು, ಅವರ ಕ್ರಮದಂತೆ ಅಧಿಕೃತ ಸಾಗಣೆಯಲ್ಲಿ ಅದನ್ನು ಒಪ್ಪಿಸುವಷ್ಟರಲ್ಲಿ ಮೂರೂವರೆ ತಿಂಗಳಾಯಿತು. ಆ ನಡುವೆ ಗುಜರಿಯವರೊಬ್ಬರು ಬಂದು, ಕೋಣೆಯ ಸಾಮಾನನ್ನು ಒಟ್ಟಾಗಿ ತೂಕಕ್ಕೆ ಕೊಟ್ಟರೆ ಅಂದೇ ನಗದು ಕೊಡುವುದಾಗಿ ಹೇಳಿದರು. 2010ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಮಾರುಕಟ್ಟೆಯಲ್ಲಿ ವಿಕಿರಣಶೀಲ ಕೋಬಾಲ್ಟ್-60 ಇದ್ದ ಹಳೆಯ ಯಂತ್ರವೊಂದನ್ನು ಹಾಗೆಯೇ ಬಿಚ್ಚಿ, ಒಬ್ಬ ಕೆಲಸಗಾರ ಪ್ರಾಣ ಕಳೆದುಕೊಂಡ. ನಮಗೆ ಜಾಗ ಮಾರಿದವರ ಪತ್ರದಲ್ಲಿ ಈ ಕ್ಯಾಮೆರಾದ ಬಗ್ಗೆ ಒಂದು ಸಾಲೂ ಇರಲಿಲ್ಲವೆಂಬ ನೋವು ನನಗೆ ಇನ್ನೂ ಆರಿಲ್ಲ. ಮುಚ್ಚುವಾಗ ಒಂದು ಹಾಳೆ ಬರೆದಿಟ್ಟಿದ್ದರೆ ಸಾಕಿತ್ತು.

ನನ್ನದೂ ಒಂದು ತಪ್ಪಾಯಿತು. ಜೂನ್ ಹತ್ತಿರವಾದಾಗ, ಮಳೆ ಹಿಡಿದರೆ ಕೆಲಸ ನಿಲ್ಲುತ್ತದೆಂಬ ಆತುರಕ್ಕೆ ಬಿದ್ದು, ಎಣ್ಣೆ ತೊಟ್ಟಿ ಇದ್ದ ನಾಲ್ಕನೇ ತುಂಡಿನಲ್ಲಿ ಕೊನೆಯ ಮಾದರಿಗಳ ಉತ್ತರ ಬರುವ ಮೊದಲೇ ಕಾಂಕ್ರೀಟ್ ಹಾಕಿಸಿದೆ. ಉತ್ತರ ಬಂದಾಗ ಒಂದು ಮೀಟರ್ ಕೆಳಗೆ ಎಣ್ಣೆ ಇನ್ನೂ ಇತ್ತು. ಹೊಸ ನೆಲವನ್ನು ಒಡೆಸಿ, ಮಣ್ಣು ತೆಗೆಸಿ, ಮತ್ತೆ ಹಾಕಿಸಿದೆವು. ಮಲೆನಾಡಿನಲ್ಲಿ ಮಳೆಗೆ ಮೊದಲು ಅಳೆಯುವ ಆತುರ ಸರಿಯಾದದ್ದೇ. ಯಾಕೆಂದರೆ ಇಲ್ಲಿ ನಾಲ್ಕು ತಿಂಗಳ ನೀರು ಎಲ್ಲವನ್ನೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುತ್ತದೆ. ಕೆ-25ರ ಕೊನೆಯ ಭಾಗವನ್ನು ಕೆಡವುವಾಗ ಅಷ್ಟೊಂದು ಎಚ್ಚರ ವಹಿಸಿದ್ದೂ ಟೆಕ್ನೀಷಿಯಂ-99 ಎಂಬ ವಿಕಿರಣಶೀಲ ಧಾತು ನೀರಿನ ಜೊತೆ ಸುಲಭವಾಗಿ ಹರಿಯುವುದರಿಂದಲೇ. ಆದರೆ ಮುಚ್ಚುವ ಆತುರ ಬೇರೆ, ಅದಕ್ಕೆ ಕ್ಷಮೆಯಿಲ್ಲ.

ಹೀಗೆ ನೆಲ ತುಂಡುತುಂಡಾಗಿ ಬಿಡುಗಡೆಯಾದ ಮೇಲೆ, ಹಳೆಯ ಕಾರ್ಖಾನೆಯಿಂದ ನಮಗೆ ದಕ್ಕಿದ ಆಸ್ತಿ ಏನೆಂಬುದು ಸ್ಪಷ್ಟವಾಯಿತು. ಶೆಡ್ಡಿನ ತಗಡು ಅರ್ಧ ಹೋಗಿತ್ತು, ಯಂತ್ರಗಳು ಗುಜರಿಯ ಬೆಲೆಗೆ ಇಳಿದಿದ್ದವು. ಬೆಲೆಯುಳ್ಳದ್ದೆಂದರೆ ಹೈಟೆನ್ಷನ್ ತಂತಿಯ ದಾರಿ, ಅದಕ್ಕೆ ಬೇಕಾದ ಕಂಬಗಳು, ಭಾರದ ಲಾರಿ ತಿರುಗುವಷ್ಟು ರಸ್ತೆ. ವಿದ್ಯುತ್ತಿನಿಂದ ಲೋಹ ಕರಗಿಸುವ ಇಂಡಕ್ಷನ್ ಕುಲುಮೆಗೆಂದು ಎಳೆದಿದ್ದ ಆ ಸಾಲನ್ನು ಹೊಸದಾಗಿ ತರಬೇಕಾಗಿದ್ದರೆ ನಮ್ಮ ಇಡೀ ಬಂಡವಾಳ ಅದಕ್ಕೇ ಸಾಲುತ್ತಿರಲಿಲ್ಲ. ಅಣುಸ್ಥಾವರಗಳ ಹಳೆಯ ನೆಲಕ್ಕೆ ಹೊಸ ವಿದ್ಯುತ್ ಯೋಜನೆಗಳು ಮರಳುವುದೂ ಬಹುಮಟ್ಟಿಗೆ ಇದೇ ಕಾರಣಕ್ಕೆ: ತಂತಿ, ನೀರು ಮತ್ತು ದಾರಿ ಅಲ್ಲಿ ಮೊದಲೇ ಇರುತ್ತವೆ.

ಇನ್ನೊಂದು ಆಸ್ತಿ ಜನ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದಂದಿನಿಂದ ಭದ್ರಾವತಿಯಲ್ಲಿ ಲೋಹ ಬಲ್ಲ ಕೈಗಳು ತಲೆಮಾರುಗಳಿಂದ ಬೆಳೆದಿವೆ. ನಮ್ಮಲ್ಲಿ ಈಗ ಮರದ ಪ್ಯಾಟರ್ನ್ ಕೆತ್ತುವ ಹಿರಿಯರೊಬ್ಬರು ಇದೇ ಫೌಂಡ್ರಿಯಲ್ಲಿ ಇಪ್ಪತ್ತು ವರ್ಷ ದುಡಿದವರು. ಎಣ್ಣೆ ತೊಟ್ಟಿಯ ನಿಜವಾದ ಜಾಗವನ್ನು ತೋರಿಸಿದ್ದು ನಕ್ಷೆಯಲ್ಲ, ಅವರೇ. ಯಾವ ಮುಚ್ಚಿದ ಕಾರ್ಖಾನೆಯನ್ನು ತೆರೆಯ ಹೊರಟವರೂ ಮೊದಲ ದಿನವೇ ಹಳೆಯ ಕೆಲಸಗಾರರನ್ನು ಕರೆದು ಕೂರಿಸಿಕೊಂಡು ಕೇಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಈಗ ಅಲ್ಲಿ ಮೂರು ಸಣ್ಣ ಘಟಕಗಳಿವೆ. ಒಂದು ಅಡಿಕೆ ಸುಲಿಯುವ ಯಂತ್ರದ ಚೌಕಟ್ಟುಗಳನ್ನು ಮಾಡುತ್ತದೆ, ಇನ್ನೊಂದು ಅಡಿಕೆ ಹಾಳೆಯ ತಟ್ಟೆಗೆ ಬೇಕಾದ ಅಚ್ಚುಗಳನ್ನು, ಮೂರನೆಯದು ಅಡಿಕೆ ಸಿಪ್ಪೆಯನ್ನು ಒತ್ತಿ ಉರುವಲು ಬಿಲ್ಲೆಯಾಗಿಸಿ, ಅದರ ಶಾಖದಿಂದಲೇ ಮಳೆಗಾಲದಲ್ಲಿ ಸುತ್ತಲಿನವರ ಅಡಿಕೆ ಒಣಗಿಸಿಕೊಡುತ್ತದೆ. ಚಾವಣಿಯ ಮೇಲೆ ಸೌರಫಲಕಗಳಿವೆ. ಬೇಸಿಗೆಯಲ್ಲಿ ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕು ಯೂನಿಟ್ಟಿನ ಆಸುಪಾಸು ಕೊಡುವ ಅವು ಆಷಾಢದ ಮೋಡದಲ್ಲಿ ತೀರಾ ಕುಗ್ಗುತ್ತವೆ. ಆಗಲೇ ಸಿಪ್ಪೆಯ ಶಾಖ ಕೈಹಿಡಿಯುತ್ತದೆ. ಶರಾವತಿ ವಿದ್ಯುದಾಗಾರದ 1035 ಮೆಗಾವ್ಯಾಟಿನ ಜಿಲ್ಲೆಯಲ್ಲಿ ಇದು ಸಣ್ಣ ಲೆಕ್ಕ. ಘಟ್ಟದ ಆಚೆ ಕೈಗಾ ಅಣುವಿದ್ಯುತ್ ಸ್ಥಾವರದ ಮೊದಲ ಘಟಕಗಳು 2000ರಲ್ಲಿ ವಾಣಿಜ್ಯ ಉತ್ಪಾದನೆ ಶುರು ಮಾಡಿದವು, ಅವಕ್ಕೂ ಒಂದು ದಿನ ವಿಶ್ರಾಂತಿಯ ಕಾಲ ಬರುತ್ತದೆ. ಆ ನೆಲವನ್ನು ಮುಂದಕ್ಕೆ ಒಪ್ಪಿಸುವ ಕೆಲಸ ಬಲ್ಲವರು ಅಷ್ಟರಲ್ಲಿ ನಮ್ಮ ನಡುವೆಯೇ ಇರಬೇಕೆಂಬುದು ನನ್ನ ಆಸೆ, ಆದ್ದರಿಂದಲೇ ಇಬ್ಬರು ಡಿಪ್ಲೊಮಾ ಹುಡುಗಿಯರಿಗೆ ಈ ಸರ್ವೆ ಕ್ರಮವನ್ನು ಕಲಿಸುತ್ತಿದ್ದೇನೆ.

ಮರಳಿನ ರಾಶಿಯಿದ್ದ ಒಂಬತ್ತನೇ ತುಂಡಿಗೆ ಇನ್ನೂ ಬಿಡುಗಡೆ ಸಿಕ್ಕಿಲ್ಲ. ಅಚ್ಚಿನ ಮರಳಿಗೆ ಬೆರೆಸುತ್ತಿದ್ದ ರಾಳದಿಂದ ಬರುವ ಫೀನಾಲ್ ಎಂಬ ವಿಷಕಾರಿ ರಾಸಾಯನಿಕ ನಮ್ಮ ಹಿಂಬದಿಯ ಕೊಳವೆಬಾವಿಯಲ್ಲಿ ಕಂಡದ್ದರಿಂದ ಆ ಬಾವಿಯನ್ನು ಮುಚ್ಚಿ, ರಾಶಿಯನ್ನು ಸಾಗಿಸಿ, ಬೇಲಿ ಹಾಕಿದ್ದೇವೆ. ಪಕ್ಕದ ಅಡಿಕೆ ತೋಟದ ಯಜಮಾನರು ಮೊದಲ ದಿನವೇ ಬಂದು, ತಮ್ಮ ಬಾವಿಯ ನೀರನ್ನು ಮೊಮ್ಮಗುವಿಗೆ ಕುಡಿಸಬಹುದೇ ಎಂದು ಕೇಳಿದ್ದರು. ಅವರ ಬಾವಿಯಲ್ಲಿ ಇದುವರೆಗೆ ಫೀನಾಲ್ ಪತ್ತೆಯಾಗಿಲ್ಲ. ಪ್ರತಿವರ್ಷ ಮಳೆ ನಿಂತು ಅಂತರ್ಜಲ ಏರಿದ ಕಾರ್ತಿಕದಲ್ಲಿ ಅವರೆದುರಿಗೇ ನೀರು ತುಂಬಿ, ಅವರಿಂದಲೂ ಬಾಟಲಿಗೆ ಸಹಿ ಹಾಕಿಸಿ ಕಳಿಸುತ್ತೇವೆ. ಬಂದ ಹಾಳೆಯ ಒಂದು ಪ್ರತಿ ನಮ್ಮ ರಿಜಿಸ್ಟರಿಗೆ, ಇನ್ನೊಂದು ಅವರ ಮನೆಗೆ.