ಅಂಟಿನ ನೀರು ಹಚ್ಚಿ ಪೈನ್ ಮರಕ್ಕೆ ಡೈ ಕೂರಿಸಿದ ನನ್ನ ಅನುಭವ

ಅಂಟು ಬಿದ್ದ ಕಡೆ ಬಣ್ಣ ಹಿಡಿಯಲ್ಲ ಅನ್ನೋದು ನಮ್ಮ ಕೆಲಸದಲ್ಲಿ ಎಲ್ಲರಿಗೂ ಗೊತ್ತು. ಜಾಯಿಂಟ್‌ನಿಂದ ಹೊರಗೆ ಬಂದ ಅಂಟನ್ನು ಸರಿಯಾಗಿ ಒರೆಸದಿದ್ದರೆ, ಸ್ಟೇನ್ (ಮರದ ಎಳೆ ಕಾಣುವ ಹಾಗೆ ಹಚ್ಚುವ ಬಣ್ಣ) ಹಚ್ಚಿದ ಮೇಲೆ ಅಲ್ಲಿ ಬಿಳಿ ಮಚ್ಚೆ ಎದ್ದು ಕಾಣುತ್ತದೆ. ಹಾಗಿರುವಾಗ ಪೈನ್ ಟೇಬಲ್ ಒಂದರ ಇಡೀ ಹಲಗೆಗೆ ಬೇಕಂತಲೇ ತೆಳು ಅಂಟು ಹಚ್ಚಿ, ಅದರ ಮೇಲೆ ಬಣ್ಣ ಹಾಕ್ತೀನಿ ಅಂದಾಗ ಯಾರೂ ಒಪ್ಪಲಿಲ್ಲ. ಪಾಲಿಶ್ ಕೆಲಸದಲ್ಲೇ ತಲೆ ನರೆತ ಹಿರಿಯರೊಬ್ಬರು, "ಪೈನ್‌ಗೆ ಪೇಂಟ್ ಹೊಡೆದುಬಿಡಪ್ಪ, ಸುಮ್ನೆ ಯಾಕೆ ಒದ್ದಾಡ್ತೀಯ" ಅಂದರು. ಟೇಬಲ್ ಮುಗಿದ ಮೇಲೆ ಅವರೇ ಬಂದು, ಮೇಲೆಲ್ಲ ಕೈಯಾಡಿಸಿ, ಇದು ಯಾವ ಮರ ಅಂತ ಕೇಳಿದರು. ಪೈನ್ ಅಂದರೆ ನಂಬದೆ ಬಗ್ಗಿ ಟೇಬಲ್ ಅಡಿಯನ್ನು ನೋಡಿದರು. ಅದಾದ ಮೇಲೆ ಕುರ್ಚಿಗಳು, ಪುಸ್ತಕದ ಕಪಾಟು ಎಲ್ಲವನ್ನೂ ಇದೇ ರೀತಿ ಮಾಡಿದ್ದೇನೆ. ಎಲ್ಲವೂ ಚೆನ್ನಾಗಿ ಬಂದಿವೆ.

ಪೈನ್ ಯಾಕೆ ಕಾಟ ಕೊಡುತ್ತದೆ ಅಂತ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಅದರ ಮೆತ್ತನೆಯ ಬಿಳಿ ಭಾಗ ಬಣ್ಣವನ್ನು ಗಟಗಟ ಕುಡಿಯುತ್ತದೆ, ಗಟ್ಟಿ ಗೆರೆ ಕುಡಿಯುವುದಿಲ್ಲ. ಹಾಗಾಗಿ ಸ್ಟೇನ್ ಹಚ್ಚಿದರೆ ತಿಳಿ ಇದ್ದದ್ದು ಕಪ್ಪಾಗಿ, ಕಪ್ಪಿದ್ದದ್ದು ತಿಳಿಯಾಗಿ, ಫೋಟೋದ ನೆಗೆಟಿವ್ ನೋಡಿದ ಹಾಗಾಗುತ್ತದೆ. ಅದರ ಜೊತೆಗೆ ಅಲ್ಲಲ್ಲಿ ಮೋಡ ಕವಿದಂಥ ಕಲೆಗಳು ಬೇರೆ.

ಈ ದಾರಿಗೆ ಬರುವ ಮೊದಲು ಬೇರೆ ಎಲ್ಲ ದಾರಿಗೂ ದುಡ್ಡು ಸುರಿದಿದ್ದೆ. ಡಬ್ಬಿಯಲ್ಲಿ ಬರುವ ಆಯಿಲ್ ಸ್ಟೇನ್‌ನಲ್ಲಿ ಕಲೆ ತಪ್ಪಲಿಲ್ಲ. ಹಚ್ಚಿ ಒರೆಸುವಾಗ ಅರ್ಧ ಡಬ್ಬಿ ಬಟ್ಟೆಗೇ ಹೋಗುತ್ತದೆ, ಅಲ್ವಾ? ಜೆಲ್ ಸ್ಟೇನ್ ಪರವಾಗಿಲ್ಲ, ಕಲೆ ಕಡಿಮೆ. ಆದರೆ ಗಾಢ ಬಣ್ಣ ಬೇಕು ಅಂತ ಎರಡು ಮೂರು ಕೋಟ್ ಹಾಕಿದರೆ ಮರದ ಎಳೆ ಮುಚ್ಚಿ ಪೇಂಟ್ ಹೊಡೆದಂತಾಗುತ್ತದೆ. ರೇಟ್ ಕೂಡ ಜಾಸ್ತಿ. ಸ್ಪಿರಿಟ್‌ನಲ್ಲಿ ಕರಗುವ ಡೈ (ಪೂರ್ತಿ ಕರಗಿ ಮರದೊಳಗೆ ಇಳಿಯುವ ಬಣ್ಣ) ಬಣ್ಣದಲ್ಲಿ ಬಲು ಚೆಂದ. ಆದರೆ ಬಟ್ಟೆಯಲ್ಲಿ ಹಚ್ಚಿದರೆ ಟೇಬಲ್‌ನ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿ ಒಣಗಿರುತ್ತದೆ, ಒಂದರ ಮೇಲೊಂದು ಬಿದ್ದ ಕಡೆ ಗೆರೆ ಉಳಿಯುತ್ತದೆ. ಸ್ಪ್ರೇ ಗನ್ ಇದ್ದವರಿಗೆ ಅದು ಸರಿ.

ಲೆಕ್ಕ ಹಾಕಿ ನೋಡಿದರೆ ಬಣ್ಣಕ್ಕಿಂತ ಬಣ್ಣ ತೆಗೆಯುವುದಕ್ಕೇ ದುಡ್ಡು ಜಾಸ್ತಿ ಹೋಗಿತ್ತು. ಕೆಟ್ಟ ಟೇಬಲ್ ಟಾಪ್ ಒಂದನ್ನು ಮತ್ತೆ ಬಿಳಿ ಮರಕ್ಕೆ ತರಬೇಕು ಅಂದರೆ 80 ನಂಬರಿನ ಒರಟು ಸ್ಯಾಂಡ್ ಪೇಪರಿನಿಂದ (ನಂಬರ್ ಏರಿದಂತೆ ಪೇಪರ್ ನಯ) ಶುರುಮಾಡಬೇಕು. ಸ್ಯಾಂಡ್ ಪೇಪರ್ ಖರ್ಚು, ಒಂದು ದಿನದ ಕೂಲಿ, ಮೇಲೆ ಹಲಗೆಯೂ ಸವೆಯುತ್ತದೆ. ಗಿರಾಕಿಗೆ ಇದನ್ನೆಲ್ಲ ಬಿಲ್‌ನಲ್ಲಿ ಹಾಕಲು ಆಗುತ್ತದಾ? ಈಗ ಒಂದು ಟೇಬಲ್‌ಗೆ ಹೋಗುವ ನೀರಿನಲ್ಲಿ ಕರಗುವ ಡೈ ಪುಡಿಯ ಬೆಲೆ, ಹಿಂದೆ ಸ್ಟೇನ್‌ಗೆ ಹೋಗುತ್ತಿದ್ದುದರ ಕಾಲು ಭಾಗವೂ ಇಲ್ಲ.

ಇನ್ನು ಕೆಲಸದ ವಿಷಯ.

ಮಾಮೂಲಿ ಬಿಳಿ ಅಂಟು ಒಂದು ಭಾಗಕ್ಕೆ ನೀರು ಸುಮಾರು ಹತ್ತು ಭಾಗ. ಬೆರಳಿಗೆ ಅಂಟಂಟು ಅನ್ನಿಸಬಾರದು, ತೆಳು ಹಾಲಿನಂತೆ ಇರಬೇಕು. ಹಲಗೆಯನ್ನು 180ರವರೆಗೆ ಉಜ್ಜಿ, ಧೂಳು ತೆಗೆದು, ಇದನ್ನು ಸ್ಪಂಜಿನಲ್ಲಿ ಧಾರಾಳವಾಗಿ ಹಚ್ಚಿ, ಕೂಡಲೇ ಒರೆಸಿಬಿಡುತ್ತೇನೆ. ಇಲ್ಲಿ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ನೀರು ಬಿದ್ದು ಮರದ ರೋಮ (ಮೇಲಿನ ಸಣ್ಣ ನಾರು) ಏಳುತ್ತದೆ, ಎದ್ದದ್ದನ್ನು ಅಂಟು ಹಾಗೇ ಬಿಗಿಯಾಗಿ ನಿಲ್ಲಿಸುತ್ತದೆ. ಬರೀ ನೀರು ಹಚ್ಚಿ ರೋಮ ಎಬ್ಬಿಸಿದರೆ ಪೇಪರ್ ಹಾಕಿದಾಗ ಅರ್ಧ ರೋಮ ಮಲಗಿಬಿಡುತ್ತದೆ, ಡೈ ಬಿದ್ದಾಗ ಮತ್ತೆ ಏಳುತ್ತದೆ. ಅಂಟಿನ ನೀರಿನಲ್ಲಿ ಆ ರಗಳೆ ಇಲ್ಲ. ಒಂದು ರಾತ್ರಿ ಒಣಗಿಸಿ 220ರಲ್ಲಿ ಕೈ ಹಗುರ ಬಿಟ್ಟು ಒಂದೆರಡು ಸಲ ಎಳೆದರೆ ಸಾಕು. ಜೋರಾಗಿ ಉಜ್ಜಿದರೆ ಹಚ್ಚಿದ್ದೆಲ್ಲ ಹೋಗಿಬಿಡುತ್ತದೆ, ಎಚ್ಚರ.

ಇದಲ್ಲದೆ ಇನ್ನೊಂದು ಲಾಭ ಇದೆ, ಅದೇ ಮುಖ್ಯ. ಜಾಸ್ತಿ ಕುಡಿಯುವ ಭಾಗ ಜಾಸ್ತಿ ಅಂಟಿನ ನೀರನ್ನೂ ಕುಡಿದಿರುತ್ತದೆ. ಆಮೇಲೆ ಬಂದ ಬಣ್ಣಕ್ಕೆ ಅಲ್ಲಿ ಜಾಗ ಕಡಿಮೆ. ಮಚ್ಚೆ ಮಾಡುವ ಅಂಟೇ ಮಚ್ಚೆಯನ್ನು ತಡೆಯುತ್ತದೆ. ಎಲ್ಲ ಕಡೆ ಒಂದೇ ಸಮ ಇರಬೇಕು ಅಷ್ಟೇ. ಹಲಗೆಯ ತುದಿ ತುಂಬ ಕುಡಿಯುತ್ತದೆ, ಅಲ್ಲಿ ಎರಡು ಸಲ ಹಚ್ಚಿ 320ರವರೆಗೆ ಉಜ್ಜುತ್ತೇನೆ.

ನೀರು ಹಚ್ಚಿದರೆ ಜಾಯಿಂಟ್ ಬಿಡುತ್ತದೆ ಅನ್ನುವ ಮಾತೂ ಕೇಳಿದೆ. ಮೇಲ್ಪದರ ಒದ್ದೆಯಾಗಿ ಒಣಗುವುದಕ್ಕೆ ಯಾವ ಜಾಯಿಂಟೂ ಬಿಡಲ್ಲ. ಹಲಗೆ ಬಾಗುವುದು ಮಾತ್ರ ನಿಜ. ಟೇಬಲ್ ಟಾಪ್ ಮೇಲೆ ಮಾತ್ರ ಒದ್ದೆ ಮಾಡಿದರೆ ಅದು ಬಾಗುತ್ತದೆ. ಅಡಿಗೂ ಅದೇ ಹೊತ್ತಿಗೆ ಒದ್ದೆ ಬಟ್ಟೆ ಆಡಿಸಿ, ಗಾಳಿ ಎರಡೂ ಕಡೆ ಆಡುವ ಹಾಗೆ ಪಟ್ಟಿಗಳ ಮೇಲೆ ಇಟ್ಟು ಒಣಗಿಸಿ.

ಡೈಯನ್ನು ಬಿಸಿ ನೀರಿನಲ್ಲಿ ಕರಗಿಸಿ, ತಣಿಸಿ, ಬಟ್ಟೆಯಲ್ಲಿ ಸೋಸಿ, ಗಾಜಿನ ಬಾಟಲಿಯಲ್ಲಿ ಇಡುತ್ತೇನೆ. ಕಬ್ಬಿಣದ ಡಬ್ಬ ಬೇಡ. ಮೊದಲು ಜೇನಿನ ಬಣ್ಣದ ಹಳದಿ, ಲೀಟರಿಗೆ 10ರಿಂದ 15 ಗ್ರಾಂ ಇರಬಹುದು. ಅದು ಒಣಗಿದ ಮೇಲೆ ಕಂದು, ಲೀಟರಿಗೆ 30 ಗ್ರಾಂ ಆಸುಪಾಸು. ನೇರವಾಗಿ ಕಂದು ಹಾಕಿದರೆ ಬಣ್ಣ ಸತ್ತಂತೆ ಕಾಣುತ್ತದೆ. ಕೆಳಗೆ ಹಳದಿ ಇದ್ದರೆ ಒಳಗಿನಿಂದ ಬೆಳಕು ಬಂದ ಹಾಗಿರುತ್ತದೆ. ಕಂದಿನಲ್ಲಿ ಇನ್ನೊಂದು ಬಣ್ಣ ಚೂರೇ ಚೂರು ಸೇರಿಸುತ್ತೇನೆ. ಅದು ಯಾವುದು ಅಂತ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಕಂದಿನಲ್ಲಿ ಕೆಂಪು ಜಾಸ್ತಿಯಾದರೆ ಅದನ್ನು ಬಣ್ಣದ ಚಕ್ರದಲ್ಲಿ ಅದರ ಎದುರಿಗಿರುವ ಬಣ್ಣದಿಂದಲೇ ಇಳಿಸಬೇಕು ಅನ್ನೋದು ನಿಮಗೆ ಗೊತ್ತೇ ಇದೆ, ಅಲ್ಲಿಂದ ನೀವೇ ಹುಡುಕಿಕೊಳ್ಳಿ.

ಡೈ ಒಣಗಿದಾಗ ಬೂದಿ ಬಳಿದಂತೆ ಮಂಕಾಗಿ ಕಾಣುತ್ತದೆ. ಗಾಬರಿಯಾಗಿ ಮತ್ತೆ ಹಚ್ಚಬೇಡಿ. ಹಸಿಯಾಗಿದ್ದಾಗ ಹೇಗೆ ಕಂಡಿತ್ತೋ, ವಾರ್ನಿಷ್ ಬಿದ್ದ ಮೇಲೆ ಹೆಚ್ಚುಕಡಿಮೆ ಹಾಗೇ ಬರುತ್ತದೆ. ಟ್ಯೂಬ್‌ಲೈಟಿನಲ್ಲಿ ಬಣ್ಣ ಒಪ್ಪಿಕೊಳ್ಳಬೇಡಿ. ಹಗಲು ಬೆಳಕಿನಲ್ಲಿ ಅದೇ ಕಂದು ಬೇರೆಯೇ ಕಾಣುತ್ತದೆ.

ಇದರ ಮೇಲೆ ಮೇಣ ತೆಗೆದ ಶೆಲಾಕ್ (ಅರಗಿನ ಪಾಲಿಶ್), ಲೀಟರ್ ಸ್ಪಿರಿಟ್‌ಗೆ ಸುಮಾರು 120 ಗ್ರಾಂ, ತೆಳುವಾಗಿ ಒಂದು ಕೋಟ್. ನೀರಿನ ಡೈಯನ್ನು ಸ್ಪಿರಿಟ್ ಅಷ್ಟಾಗಿ ಎಳೆಯುವುದಿಲ್ಲ, ಅದಕ್ಕೇ ಈ ಜೋಡಿ. ಡೈ ಮೇಲೆ ನೇರವಾಗಿ ನೀರಿನ ವಾರ್ನಿಷ್ ಹಾಕಿದರೆ ಬ್ರಷ್ ಜೊತೆ ಬಣ್ಣವೂ ಬರುತ್ತದೆ. ಶೆಲಾಕ್ ಒಣಗಿದ ಮೇಲೆ ಹಳೆಯ ಆಯಿಲ್ ಸ್ಟೇನ್‌ ತೆಳುವಾಗಿ ಹಚ್ಚಿ ಒರೆಸುತ್ತೇನೆ. ಈಗ ಅದು ಮರದೊಳಗೆ ಇಳಿಯಲ್ಲ. ಮೂಲೆ, ಸಂದು, ಕೆತ್ತನೆಯ ಒಳಗೆ ಕೂತು ಬಣ್ಣಕ್ಕೆ ಆಳ ಕೊಡುತ್ತದೆ. ಮನೆಯಲ್ಲಿ ಉಳಿದಿದ್ದ ಅರ್ಧ ಅರ್ಧ ಡಬ್ಬಿಗಳೆಲ್ಲ ಹೀಗೆ ಖಾಲಿಯಾದವು. ಒಂದು ದಿನ ಬಿಟ್ಟು ಟಾಪ್ ಕೋಟ್, ಅಂದರೆ ಕೊನೆಯ ವಾರ್ನಿಷ್, ಅದು ನಿಮಗಿಷ್ಟ ಬಂದದ್ದು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹರಡಿ ಒಣಗಿಸಿ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಅರಿಶಿನ ಹಚ್ಚಿದ ಹಲಗೆ ಮೊದಲ ದಿನ ಬಂಗಾರದ ಹಾಗಿತ್ತು, ಬಿಸಿಲಿಗೆ ಇಟ್ಟ ಮೇಲೆ ಬೇಗ ಬಿಳಿಚಿಕೊಂಡಿತು. ಸ್ಟೀಲ್ ವೂಲನ್ನು (ಉಕ್ಕಿನ ನಾರು) ವಿನೆಗರ್‌ನಲ್ಲಿ ನೆನೆಹಾಕಿದ ನೀರು ಓಕ್ ಮರವನ್ನು ಕಣ್ಣೆದುರೇ ಕಪ್ಪು ಮಾಡುತ್ತದೆ, ಪೈನ್‌ನಲ್ಲಿ ಬರೀ ಬೂದು. ಪೈನ್‌ನಲ್ಲಿ ಕಬ್ಬಿಣದ ಜೊತೆ ಸೇರಿ ಕಪ್ಪಾಗುವ ಒಗರು (ಟ್ಯಾನಿನ್) ಸಾಲದು, ಅದಕ್ಕೆ ಹೀಗೆ. ಅಳಲೆಕಾಯಿ ಕುದಿಸಿದ ನೀರು ಮೊದಲು ಹಚ್ಚಿ ಒಣಗಿಸಿ, ಆಮೇಲೆ ಕಬ್ಬಿಣದ ನೀರು ಹಾಕಿದೆ. ಒಳ್ಳೆ ಕರಿ ಬಣ್ಣ ಬಂತು! ಕುರ್ಚಿಯ ಕಾಲುಗಳಿಗೆ ಈಗ ಅದನ್ನೇ ಬಳಸುತ್ತಿದ್ದೇನೆ, ಅದರ ಬಗ್ಗೆಯೇ ಬೇರೆ ಬರೆಯುವಷ್ಟಿದೆ.

ಬಣ್ಣ ಮಾಸುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಡೈ ಅಂದ ಮೇಲೆ ಬಿಸಿಲಿಗೆ ಸ್ವಲ್ಪ ಮಾಸುತ್ತದೆ. ಹಲಗೆಯ ಅರ್ಧಕ್ಕೆ ರಟ್ಟು ಕಟ್ಟಿ ಕಿಟಕಿಯಲ್ಲಿ ಕೆಲವು ತಿಂಗಳು ಇಟ್ಟು ನೋಡಿದ್ದೇನೆ. ಬರೀ ಡೈ ಇದ್ದದ್ದರಲ್ಲಿ ವ್ಯತ್ಯಾಸ ಚೆನ್ನಾಗಿಯೇ ಕಾಣಿಸಿತು. ಮೇಲೆ ಸ್ಟೇನ್ ಪದರ ಇದ್ದದ್ದರಲ್ಲಿ ಹುಡುಕಿದರೆ ಮಾತ್ರ ಕಂಡಿತು. ಹಾಗಾಗಿ ಕಿಟಕಿ ಪಕ್ಕ ಇಡುವ ಸಾಮಾನಿಗೆ ಸ್ಟೇನ್ ಪದರವನ್ನು ಎರಡು ಸಲ ಹಾಕುತ್ತೇನೆ.

ಓಡಾಡಿ ತಾಗಿ ಅಂಚು ಸವೆದು ಬಿಳಿ ಕಂಡರೆ, ಅದೇ ಡೈಯನ್ನು ಹತ್ತಿಯ ಕಡ್ಡಿಯಲ್ಲಿ ಮುಟ್ಟಿಸಿ, ಒಣಗಿದ ಮೇಲೆ ಶೆಲಾಕ್ ಒಂದು ಹನಿ ಸವರಿದರೆ ಸೇರಿಕೊಳ್ಳುತ್ತದೆ. ಅದಕ್ಕೇ ಪ್ರತಿ ಕೆಲಸದ ಡೈಯನ್ನು ಒಂದು ಸಣ್ಣ ಬಾಟಲಿಯಲ್ಲಿ ಎತ್ತಿಟ್ಟು, ಗ್ರಾಂ ಲೆಕ್ಕ ಬರೆದ ಚೀಟಿ ಅಂಟಿಸಿ, ಗಿರಾಕಿಗೇ ಕೊಟ್ಟು ಕಳಿಸುತ್ತೇನೆ. ಚೀಟಿಯಲ್ಲಿ ಆ ಮೂರನೇ ಬಣ್ಣದ ಹೆಸರು ಮಾತ್ರ ಇರುವುದಿಲ್ಲ.