ನೈಲಾನ್ ಬುಷ್: ಅಳತೆ ಸರಿಯಿದ್ದರೂ ಶಾಫ್ಟ್ ಬಿಗಿಯಾಗುವುದೇಕೆ?

ಬುಷ್ ಎಂದರೆ ತಿರುಗುವ ಶಾಫ್ಟ್‌ಗೆ (ದಂಡಕ್ಕೆ) ಆಸರೆಯಾಗಿ ಸುತ್ತ ಕೂರುವ ಕೊಳವೆ. ಸವೆದ ಗನ್‌ಮೆಟಲ್ (ತಾಮ್ರದ ಮಿಶ್ರಲೋಹ) ಬುಷ್ ತೆಗೆದು, ಅದೇ ಅಳತೆಯ ನೈಲಾನ್ ಬುಷ್ ಕೂರಿಸುವುದು ವರ್ಕ್‌ಶಾಪ್‌ಗಳಲ್ಲಿ ಮಾಮೂಲು. ತೂಕ ಗನ್‌ಮೆಟಲ್‌ನ ಎಂಟನೇ ಒಂದು ಪಾಲಿಗಿಂತ ಸ್ವಲ್ಪವೇ ಹೆಚ್ಚು, ಸದ್ದಿಲ್ಲ, ಎಣ್ಣೆ ಕಡಿಮೆಯಾದರೂ ಓಡುತ್ತದೆ. ಆದರೆ ಮಳೆಗಾಲ ಬಂತೆಂದರೆ ಶಾಫ್ಟ್ ಬಿಗಿಯುತ್ತದೆ. ನೈಲಾನ್ ನೀರು ಕುಡಿದು ಉಬ್ಬುವುದೇ ಕಾರಣ. ಒಣ ನೈಲಾನ್ 6 ನೀರಿನಲ್ಲೇ ಮುಳುಗಿದ್ದರೆ ಕೊನೆಗೆ ತನ್ನ ತೂಕದ ಸುಮಾರು ಶೇ 9ರಷ್ಟು ನೀರು ಹೀರುತ್ತದೆ. ಬಿಸಿಗೆ ಹಿಗ್ಗುವುದೂ ಉಕ್ಕಿಗಿಂತ ಏಳೆಂಟು ಪಟ್ಟು ಜಾಸ್ತಿ.

ಮೊದಲು ಮಾಲು ಆರಿಸಿ. ಬುಷ್‌ಗೆ ಕಾಸ್ಟ್ (ಅಚ್ಚಿನಲ್ಲಿ ಎರೆದ) ನೈಲಾನ್ ರಾಡ್ ಒಳ್ಳೆಯದು. ಎಣ್ಣೆ ಹಾಕಲಾಗದ ಜಾಗಕ್ಕೆ ಮಾಲಿಬ್ಡಿನಂ ಡೈಸಲ್ಫೈಡ್ ಬೆರೆಸಿದ ಕಪ್ಪು ಬಣ್ಣದ್ದು. ಗ್ಲಾಸ್ ಫೈಬರ್ ತುಂಬಿದ್ದು ಗಟ್ಟಿಯೇನೋ ಹೌದು, ಆದರೆ ಶಾಫ್ಟನ್ನೇ ಕೆರೆಯುತ್ತದೆ, ಬೇಡ. ಸದಾ 100 ಡಿಗ್ರಿ ಮೀರಿ ಕಾಯುವ ಕಡೆ, ಆಸಿಡ್ ತಾಗುವ ಕಡೆ ನೈಲಾನ್ ಹಾಕಲೇಬಾರದು.

ಲೇತ್‌ನಲ್ಲಿ ಟೂಲ್ ಹರಿತವಾಗಿರಬೇಕು. ಮೊಂಡು ಟೂಲ್ ಕತ್ತರಿಸದೆ ಉಜ್ಜುತ್ತದೆ. ನೈಲಾನ್ ಬಿಸಿಯನ್ನು ಬೇಗ ದಾಟಿಸದ ಕಾರಣ ಮೇಲ್ಮೈ ಕರಗಿ ಮೆತ್ತಿಕೊಳ್ಳುತ್ತದೆ. ಡ್ರಿಲ್ಲನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ಪದೇ ಪದೇ ಹೊರತೆಗೆದು, ಗಾಳಿ ಬಿಟ್ಟು ತಂಪು ಮಾಡಿ. ಚಕ್ (ಲೇತ್‌ನಲ್ಲಿ ಮಾಲು ಹಿಡಿಯುವ ಭಾಗ) ವಿಪರೀತ ಬಿಗಿದರೆ ಬೋರ್ (ಬುಷ್‌ನ ಒಳರಂಧ್ರ) ಹಿಡಿತದಲ್ಲಿದ್ದಾಗ ದುಂಡಗೆ ಕಾಣುತ್ತದೆ, ಬಿಟ್ಟೊಡನೆ ಮೂರು ಮೂಲೆಯಾಗುತ್ತದೆ. ತೆಳು ಬುಷ್ ಆದರೆ ಸೀಳು ರಿಂಗ್ ತೊಡಿಸಿ ಹಿಡಿಯಿರಿ. ಒರಟು ಟರ್ನಿಂಗ್‌ನಲ್ಲಿ 1 ಮಿ.ಮೀ. ಉಳಿಸಿ, ಒಂದು ರಾತ್ರಿ ಬಿಟ್ಟು ಮರುದಿನ ಫಿನಿಶಿಂಗ್ ಮಾಡಿ. ಬಿಸಿ ಇರುವಾಗ ಅಳೆದ ಮೈಕ್ರೋಮೀಟರ್ ಲೆಕ್ಕಕ್ಕೆ ಬೆಲೆಯಿಲ್ಲ.

ಇನ್ನು ಮುಖ್ಯ ಲೆಕ್ಕ. ಶಾಫ್ಟ್ 30 ಮಿ.ಮೀ., ಹೌಸಿಂಗ್ (ಬುಷ್ ಕೂರುವ ರಂಧ್ರ) 40 ಮಿ.ಮೀ. ಎಂದಿಟ್ಟುಕೊಳ್ಳಿ. ಪ್ರೆಸ್ ಫಿಟ್‌ಗಾಗಿ (ಒತ್ತಿ ಬಿಗಿಯಾಗಿ ಕೂರಿಸಲು) ಬುಷ್‌ನ ಹೊರವ್ಯಾಸ 40.2 ಇಡಬೇಕು. ಒತ್ತಿ ಕೂರಿಸಿದಾಗ ಆ 0.2 ಹೆಚ್ಚೂಕಡಿಮೆ ಪೂರ್ತಿ ಬೋರ್‌ನಲ್ಲಿ ಕಿರಿದಾಗುತ್ತದೆ. ಓಡಾಟದ ಕ್ಲಿಯರೆನ್ಸ್ (ಶಾಫ್ಟ್ ಮತ್ತು ಬೋರ್ ನಡುವಿನ ಸಡಿಲ) ಒಣ ಜಾಗದಲ್ಲಿ ಇನ್ನೂ 0.2 ಬೇಕು. ಹಾಗಾಗಿ ಲೇತ್‌ನಲ್ಲಿ ಬೋರ್ 30.4. ಬಹಳ ಮಂದಿ ಇದನ್ನು 30.05ಕ್ಕೆ ನಿಲ್ಲಿಸುತ್ತಾರೆ, ಅದು ಗನ್‌ಮೆಟಲ್ ಅಭ್ಯಾಸ. ನೀರಿನಲ್ಲಿ ಓಡುವ ಬುಷ್‌ಗೆ ಕ್ಲಿಯರೆನ್ಸ್ ಇನ್ನೂ ಹೆಚ್ಚಿಸಬೇಕು: ಹೊರಗೆ ಹೌಸಿಂಗ್ ತಡೆಯುವುದರಿಂದ ಉಬ್ಬಿದ್ದೆಲ್ಲ ಒಳಕ್ಕೇ ಬರುತ್ತದೆ.

ಕೂರಿಸುವಾಗ ಸುತ್ತಿಗೆ ಬೇಡ, ವೈಸ್ ಅಥವಾ ಪ್ರೆಸ್ ಬಳಸಿ. ಅಂಚಿಗೆ ಚಾಂಫರ್ (ಓರೆ ಕತ್ತರಿಕೆ), ಮೈಗೆ ತುಸು ಗ್ರೀಸ್ ಇರಲಿ. ಕೂರಿಸಿದ ಮೇಲೆ ಬೋರ್ ಮತ್ತೊಮ್ಮೆ ಅಳೆಯಿರಿ.

ಆಮೇಲೂ ಬಿಗಿದರೆ ಬಿಚ್ಚಿ ನೋಡಿ. ಒಳಮೈ ಕರಗಿ ಹೊಳೆಯುತ್ತಿದ್ದರೆ ವೇಗ ಅಥವಾ ಭಾರ ಹೆಚ್ಚಾಗಿದೆ, ಕ್ಲಿಯರೆನ್ಸ್ ಏರಿಸಿದರೆ ಸಾಲದು. ಮೈ ನಯವಾಗಿದ್ದು ಸುತ್ತಲೂ ಸಮವಾಗಿ ಕಿರಿದಾಗಿದ್ದರೆ ಅದು ನೀರಿನ ಕೆಲಸ. ಬೋರನ್ನು ಮತ್ತಷ್ಟು ತೆರೆದು ಹಾಕಿ.